ವೀಸಾ ಸಿಗಲಿಲ್ಲ, ಅಪೀಲು ಹೋಗಬಹುದೇ?

ಪ್ರಶ್ನೆ: ನಾವು ಬ್ಯಾಡಗಿ ಹತ್ತಿರದ ಹಳ್ಳಿಯವರು. ಆರು ಎಕರೆ ಹೊಲವಿದೆ, ಮೆಣಸಿನಕಾಯಿ ಬೆಳೆಯುತ್ತೇವೆ. ಲಂಡನ್ನಿನಲ್ಲಿರುವ ಮಗಳ ಕೂಸನ್ನು ನೋಡಿ ಬರೋಣ ಅಂತ ಅರ್ಜಿ ಹಾಕಿದ್ದೆವು. ವೀಸಾ ಕೊಡಲಿಲ್ಲ. ಅಪೀಲು ಮಾಡಬಹುದೇ?

ಉತ್ತರ: ಅಕ್ಕಾರೇ, ಮೊದಲಿನಂತೆ ಈಗ ಅಪೀಲು ಇಲ್ಲ. ಬಂಧುಗಳನ್ನು ನೋಡಲು ಬ್ರಿಟನ್ನಿಗೆ ಹೋಗುವವರಿಗೆ ಆ ಹಕ್ಕು ಇತ್ತು, 2013ರ ಜೂನ್‌ನಲ್ಲಿ ತೆಗೆದುಹಾಕಿದರು. ಮಾನವ ಹಕ್ಕಿನ ಆಧಾರದ ಮೇಲೆ ಅಪೀಲು, ಇಲ್ಲವೇ ಅಲ್ಲಿನ ಕೋರ್ಟು, ಇವಿಷ್ಟೇ ಉಳಿದಿವೆ. ಎರಡಕ್ಕೂ ಜಾಸ್ತಿ ದುಡ್ಡು, ಜಾಸ್ತಿ ದಿನ ಬೇಕು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳ ನಿಯಮ ಬೇರೆ, ಅಲ್ಲಿ ಅಪೀಲಿನ ಹಕ್ಕಿದೆ. ಅಮೆರಿಕದ ವಿಸಿಟರ್ ವೀಸಾಕ್ಕಂತೂ ಅದು ಇಲ್ಲವೇ ಇಲ್ಲ.

ನಿಮಗೆ ಸರಿಯಾದ ದಾರಿ ಹೊಸ ಅರ್ಜಿ. ಇಷ್ಟು ದಿನ ಕಾಯಬೇಕು ಎಂಬ ನಿಯಮವಿಲ್ಲ. ಆದರೆ ಶುಲ್ಕ ಮತ್ತೆ ಕಟ್ಟಬೇಕು, ಅವೇ ಕಾಗದ ಕೊಟ್ಟರೆ ಅದೇ ಉತ್ತರ ಬರುತ್ತದೆ. ಅದಕ್ಕೇ ಮೊದಲು ನಿರಾಕರಣೆಯ ಪತ್ರ ತೆಗೆಯಿರಿ. ಮಗಳು ಫೋನಿನಲ್ಲಿ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಲಿ. ಪ್ರತಿ ಆಕ್ಷೇಪಕ್ಕೂ ಒಂದು ಕಾಗದದ ಉತ್ತರ ಬೇಕು.

ಬೆರಳಚ್ಚು ತೆಗೆದುಕೊಳ್ಳುವ ಕೇಂದ್ರದವರು ಏನನ್ನೂ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವ ಅಧಿಕಾರಿ ಸಾಮಾನ್ಯವಾಗಿ ನಿಮ್ಮ ಮುಖವನ್ನೇ ನೋಡುವುದಿಲ್ಲ. ಕಾಗದ ನೋಡಿಯೇ ಕೇಳಿಕೊಳ್ಳುತ್ತಾರೆ: ಇವರು ತಿರುಗಿ ಬರುತ್ತಾರಾ? ಖರ್ಚು ಯಾರದು? ಈ ದುಡ್ಡು ಎಲ್ಲಿಂದ ಬಂತು?

ನಮ್ಮ ಕಡೆಯ ರೈತರು ಎಡವುವುದು ಈ ದುಡ್ಡಿನ ವಿಷಯದಲ್ಲೇ. ವರ್ಷವೆಲ್ಲಾ ಖಾಲಿ ಇದ್ದ ಖಾತೆಗೆ ಸುಗ್ಗಿಯಲ್ಲಿ ಒಮ್ಮೆಲೇ ಲಕ್ಷಗಟ್ಟಲೆ ಬೀಳುತ್ತದೆ. ನಮಗೆ ಅದು ಮೆಣಸಿನಕಾಯಿ ಮಾರಿದ ದುಡ್ಡು. ಅವರ ಕಣ್ಣಿಗೆ ಅದು ವೀಸಾಕ್ಕೆಂದು ಯಾರಿಂದಲೋ ತಂದು ಹಾಕಿದ ದುಡ್ಡು. ಕೃಷಿ ಆದಾಯಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಕೂಡ ಇರುವುದಿಲ್ಲ. ಇದನ್ನು ನೀವೇ ಪತ್ರದಲ್ಲಿ ಬಿಡಿಸಿ ಬರೆಯಬೇಕು. ದಲಾಲಿ ಅಂಗಡಿಯ ಬಿಲ್ಲು, ಅದರ ದುಡ್ಡು ಖಾತೆಗೆ ಬಂದ ತಾರೀಕು, ಹೊಲದ ಉತಾರ, ಮೂರೂ ಒಂದಕ್ಕೊಂದು ಹೊಂದಲಿ. ಹಿಂದಿನ ವರ್ಷದ ಬಿಲ್ಲುಗಳಿದ್ದರೆ ಅವನ್ನೂ ಸೇರಿಸಿ.

ಉತಾರ ಕನ್ನಡದಲ್ಲಿರುತ್ತದೆ ಅಲ್ವಾ? ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಿದೆ ಎಂಬ ಮಾತು, ತಾರೀಕು, ಅನುವಾದಕರ ಹೆಸರು, ಸಹಿ, ಸಂಪರ್ಕ ವಿವರ ಅದರಲ್ಲಿರಲಿ. ಇಲ್ಲದಿದ್ದರೆ ಆರು ಎಕರೆ ಹೊಲವೂ ಅವರಿಗೆ ಕಾಣಿಸುವುದಿಲ್ಲ.

ತಿರುಗಿ ಬರುವ ಕಾರಣವೂ ಹೊಲದಲ್ಲೇ ಇದೆ. ಸುಗ್ಗಿ ಮುಗಿಸಿ ಹೊರಟು, ಮುಂಗಾರು ಬಿತ್ತನೆಗೆ ಮೊದಲೇ ಬರುತ್ತೇವೆ ಎಂದು ತಾರೀಕು ಹಾಕಿ ಬರೆಯಿರಿ. ಸುಮ್ನೆ ‘ಆರು ತಿಂಗಳು’ ಎನ್ನಬೇಡಿ. ಖರ್ಚು ಮಗಳದಾದರೆ ಅವಳ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯ ಕರಾರು ಬೇಕು.

ಕೊನೆಗೆ ಒಂದು ಮಾತು, ಇದು ಬಹಳ ಮುಖ್ಯ. ‘ಹಿಂದೆ ವೀಸಾ ನಿರಾಕರಣೆ ಆಗಿದೆಯೇ’ ಎಂಬಲ್ಲಿ ‘ಹೌದು’ ಎಂದೇ ಬರೆಯಿರಿ. ‘ಇಲ್ಲ ಅಂತ ಹಾಕೋಣ’ ಎನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ವಂಚನೆ ಎಂದು ಅವರು ತೀರ್ಮಾನಿಸಿದರೆ 10 ವರ್ಷ ಬಾಗಿಲು ಮುಚ್ಚಬಹುದು. ಅಷ್ಟರಲ್ಲಿ ಕೂಸು ಹೈಸ್ಕೂಲಿನ ಹತ್ತಿರ ಬಂದಿರುತ್ತದೆ.