ಶಬೇ ಬರಾತ್‌ನ ವಾದ: ದಾದಾ ಮಾಡಿದ್ದಕ್ಕೆ ದಲೀಲ್ ಕೇಳುವುದು ಬೇಅದಬಿಯೇ?

ಶಾಬಾನ್ ತಿಂಗಳ 15ನೇ ರಾತ್ರಿ, ಅಂದರೆ ಶಬೇ ಬರಾತ್, ಹತ್ತಿರವಾಗುತ್ತಿದ್ದಂತೆ ತುಮಕೂರು, ಕೋಲಾರ, ಚಿಂತಾಮಣಿಯ ಎಷ್ಟೋ ಮನೆಗಳಲ್ಲಿ ಅದೇ ಮಾತು ಏಳುತ್ತದೆ. ಹಿರಿಯರು ತೀರಿಹೋದವರ ಹೆಸರಿನಲ್ಲಿ ಫಾತಿಹಾ ಓದಿಸಿ ಖಬರಸ್ತಾನಕ್ಕೆ (ಸಮಾಧಿಸ್ಥಳಕ್ಕೆ) ಹೊರಡುತ್ತಾರೆ. ಮೊಬೈಲ್‌ನಲ್ಲಿ ಬಯಾನ್ (ಪ್ರವಚನ) ಕೇಳಿದ ಮಗ 'ಇದಕ್ಕೆ ದಲೀಲ್ (ಆಧಾರ) ಎಲ್ಲಿದೆ ಅಬ್ಬಾ?' ಅನ್ನುತ್ತಾನೆ. 'ದಾದಾ ಕಾಲದಿಂದ ಬಂದಿದೆ' ಎಂಬ ಉತ್ತರ ಅವನಿಗೆ ಸಾಲದು, ಅವನ ಪ್ರಶ್ನೆ ಅಬ್ಬಾಗೆ ಬೇಅದಬಿ, ಅಗೌರವ.

ಪ್ರಶ್ನೆ ಹೊಸದಲ್ಲ. 'ನಮ್ಮ ಹಿರಿಯರು ನಡೆದ ದಾರಿಯಲ್ಲೇ ನಡೆಯುತ್ತೇವೆ' ಎಂದವರಿಗೆ ಕುರ್‌ಆನ್ (2:170) ಮರುಪ್ರಶ್ನೆ ಹಾಕಿದೆ: ಆ ಹಿರಿಯರಿಗೆ ತಿಳಿವಳಿಕೆ ಇಲ್ಲದಿದ್ದರೂ? ಸುದ್ದಿ ತಂದವನು ಕೆಟ್ಟ ನಡತೆಯವನಾದರೆ ಪರಿಶೀಲಿಸಿ ಎಂದು 49:6 ಹೇಳುತ್ತದೆ. ತಿಳಿಯದಿದ್ದರೆ ತಿಳಿದವರನ್ನು ಕೇಳಿ ಎಂಬುದೂ (16:43) ಅಲ್ಲೇ ಇದೆ. ವಾದಕ್ಕಿಳಿದವರು ಸಾಮಾನ್ಯವಾಗಿ ತಮಗೆ ಬೇಕಾದ ಒಂದನ್ನು ಹಿಡಿದು ಉಳಿದದ್ದನ್ನು ಬಿಡುತ್ತಾರೆ.

ಈ ಪರಿಶೀಲನೆಯನ್ನು ಶಾಸ್ತ್ರವಾಗಿ ಬೆಳೆಸಿದವರು ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ವಿದ್ವಾಂಸರು. ಹದೀಸ್‌ಗೆ ಎರಡು ಭಾಗ: ಯಾರಿಂದ ಯಾರಿಗೆ ಬಂತೆಂಬ ಸನದ್, ಮಾತಿನ ಒಡಲಾದ ಮತನ್. ಬುಖಾರಿಯ (ನಿಧನ 870) ಸಂಗ್ರಹದ ಮೊದಲ ಹದೀಸ್, ಕರ್ಮಗಳು ನಿಯ್ಯತ್ತನ್ನು (ಉದ್ದೇಶವನ್ನು) ಅವಲಂಬಿಸಿವೆ ಎಂಬುದು, ಉಮರ್, ಅಲ್ಕಮಾ, ಮುಹಮ್ಮದ್ ಬಿನ್ ಇಬ್ರಾಹೀಮ್, ಯಹ್ಯಾ ಬಿನ್ ಸಯೀದ್, ಸುಫ್ಯಾನ್, ಹುಮೈದಿ ಹೀಗೆ ಆರು ಕೊಂಡಿ ದಾಟಿ ಅವರಿಗೆ ತಲುಪಿತು. ಸಹೀಹ್ (ಪೂರ್ಣ ವಿಶ್ವಾಸಾರ್ಹ) ಅನ್ನಿಸಿಕೊಳ್ಳಲು ಐದು ಷರತ್ತು: ಕೊಂಡಿ ಎಲ್ಲೂ ಕಡಿದಿರಬಾರದು, ಪ್ರತಿಯೊಬ್ಬ ರಾವಿಯೂ (ವರದಿ ಹೇಳಿದವನೂ) ನಂಬಿಕಸ್ಥನಾಗಿರಬೇಕು, ಅವನ ನೆನಪು ಅಥವಾ ಬರಹ ಗಟ್ಟಿಯಿರಬೇಕು, ತನಗಿಂತ ಬಲವಾದ ರಾವಿಗಳಿಗೆ ವಿರುದ್ಧ ಹೇಳಿರಬಾರದು, ಒಳಗೆ ಅಡಗಿದ ದೋಷ ಇರಬಾರದು. ಹೇಳಿದವರ ತಲೆ ಎಣಿಸಿದರೆ ಸಾಲದು. ನಿಯ್ಯತ್ತಿನ ಹದೀಸ್ ಮೊದಲ ನಾಲ್ಕು ಮಜಲಿನಲ್ಲೂ ಒಬ್ಬೊಬ್ಬರಿಂದಲೇ ಬಂದಿದೆ, ಆದರೂ ಸಹೀಹ್.

ಇದೇ ಅಳತೆಗೋಲನ್ನು ಶಬೇ ಬರಾತ್‌ಗೆ ಹಿಡಿಯೋಣ. ಆ ರಾತ್ರಿ ಪ್ರವಾದಿಯವರು ಮದೀನಾದ ಬಕೀ ಖಬರಸ್ತಾನದಲ್ಲಿದ್ದರು ಎಂಬ ಅವರ ಪತ್ನಿ ಆಯಿಶಾರ ವರದಿ ತಿರ್ಮಿಝಿಯವರ ಹದೀಸ್ ಸಂಗ್ರಹದಲ್ಲಿದೆ, ಸಂಖ್ಯೆ 739. ಅದರ ಕೆಳಗೆ ತಿರ್ಮಿಝಿಯವರೇ ಬರೆದಿದ್ದಾರೆ: ಬುಖಾರಿ ಇದನ್ನು ದುರ್ಬಲ ಅನ್ನುತ್ತಿದ್ದರು, ಯಹ್ಯಾ (ಬಿನ್ ಅಬೂ ಕಸೀರ್) ಇದನ್ನು ಉರ್ವಾರಿಂದ ಕೇಳಿಲ್ಲ, ಹಜ್ಜಾಜ್ ಯಹ್ಯಾರಿಂದ ಕೇಳಿಲ್ಲ. ಒಂದೇ ಸನದ್‌ನಲ್ಲಿ ಎರಡು ಕಡೆ ಕಡಿತ. ಆದರೆ ಆ ರಾತ್ರಿ ಅಲ್ಲಾಹನು ಶಿರ್ಕ್ ಮಾಡಿದವರನ್ನೂ (ತನಗೆ ಸಮಾನರನ್ನು ಕಲ್ಪಿಸಿದವರನ್ನೂ) ದ್ವೇಷ ಇಟ್ಟುಕೊಂಡವರನ್ನೂ ಬಿಟ್ಟು ಎಲ್ಲರನ್ನೂ ಕ್ಷಮಿಸುತ್ತಾನೆ ಎಂಬ ಮಾತು (ಇಬ್ನ್ ಮಾಜಾ 1390) ಬೇರೆ ಬೇರೆ ಸನದ್‌ಗಳಿಂದ ಬಂದಿರುವುದರಿಂದ, ಅವು ಒಂದಕ್ಕೊಂದು ಬಲ ಕೊಡುತ್ತವೆಂದು ಒಪ್ಪಿದ ವಿದ್ವಾಂಸರಿದ್ದಾರೆ. ಖಬರ್ ಸಂದರ್ಶನಕ್ಕೆ ಯಾವ ರಾತ್ರಿಯ ಹಂಗೂ ಇಲ್ಲದ ಅನುಮತಿ ಸಹೀಹ್ ಮುಸ್ಲಿಮ್‌ನಲ್ಲಿದೆ (977). ಅದೇ ರಾತ್ರಿಗೆಂದು ಹೇಳುವ 100 ರಕಾತ್‌ನ (ನಮಾಝಿನ ಆವರ್ತದ) ವಿಶೇಷ ನಮಾಝನ್ನು ಮಾತ್ರ ಇಮಾಮ್ ನವವಿ ಬಿದ್‌ಅತ್ (ದೀನ್‌ಗೆ ಹೊಸದಾಗಿ ಸೇರಿಸಿದ್ದು) ಎಂದು ಸ್ಪಷ್ಟವಾಗಿ ತಳ್ಳಿಹಾಕಿದ್ದಾರೆ. ರಾತ್ರಿಯ ಮಹತ್ವ, ಖಬರ್ ಸಂದರ್ಶನ, ವಿಶೇಷ ನಮಾಝ್: ಮೂರಕ್ಕೂ ತೀರ್ಪು ಬೇರೆ. ಮನೆಯಲ್ಲಿ ಮೂರನ್ನೂ ಒಂದೇ ಗಂಟು ಕಟ್ಟಿ ಜಗಳಾಡುತ್ತಾರೆ.

ಮುಂದಿನ ಶತಮಾನಗಳಲ್ಲಿ ಮಝ್‌ಹಬ್‌ಗಳು (ಶರೀಅತ್ ವ್ಯಾಖ್ಯಾನದ ಪಂಥಗಳು) ಗಟ್ಟಿಯಾದವು, ಜನಸಾಮಾನ್ಯರಿಗೆ ತಕ್ಲೀದ್, ಅಂದರೆ ದಲೀಲ್ ಕೇಳದೆ ಇಮಾಮರನ್ನು ಅನುಸರಿಸುವುದು, ಸಾಕೆನಿಸಿತು. ಹಾಗೆಂದು ಪ್ರಶ್ನೆ ನಿಲ್ಲಲಿಲ್ಲ. ನಮ್ಮ ಜಿಲ್ಲೆಗಳಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮಝ್‌ಹಬ್‌ನಲ್ಲೇ ಅಬೂ ಹನೀಫಾರ ಶಿಷ್ಯರಾದ ಅಬೂ ಯೂಸುಫ್, ಮುಹಮ್ಮದ್ ಎಷ್ಟೋ ವಿಷಯಗಳಲ್ಲಿ ಗುರುವಿಗೆ ಭಿನ್ನವಾಗಿ ಹೇಳಿದ್ದಾರೆ. 18ನೇ ಶತಮಾನದ ದೆಹಲಿಯಲ್ಲಿ ಶಾಹ್ ವಲೀಉಲ್ಲಾಹ್ ಕುರ್‌ಆನನ್ನು ಪಾರ್ಸಿಗೆ ತಂದರು, ಅವರ ಮಕ್ಕಳು ಉರ್ದುವಿಗೆ. 1866ರಲ್ಲಿ ದೇವಬಂದ್ ಮದರಸಾ ಆರಂಭವಾಯಿತು. ದರ್ಗಾ ಪರಂಪರೆಯನ್ನು ಎತ್ತಿಹಿಡಿಯುವ ಬರೇಲ್ವಿ, ತಕ್ಲೀದ್ ಒಪ್ಪದ ಅಹ್ಲೆ ಹದೀಸ್ ಧಾರೆಗಳೂ ಬೆಳೆದವು. ನಮ್ಮ ಕಡೆ ದೀನ್ ಜನಮನಕ್ಕೆ ಇಳಿದದ್ದು ಕಿತಾಬಿಗಿಂತ ಮುರುಗಮಲ್ಲದಂಥ ದರ್ಗಾಗಳ ಉರುಸ್, ಸಂದಲ್‌ಗಳ ಮೂಲಕ, ಬಾಬಯ್ಯನ ಹಬ್ಬದ (ಮೊಹರಮ್) ಮೂಲಕ. ಆ ಪ್ರೀತಿಯನ್ನು 'ಅಜ್ಞಾನ' ಎಂದು ಒಂದೇ ಮಾತಿನಲ್ಲಿ ತಳ್ಳುವುದು ಅನ್ಯಾಯ.

ಈಗ ಕೈಗೆ ಬರುವ ವಿಡಿಯೊ ತುಣುಕಿನಲ್ಲಿ ತೀರ್ಪು ಇರುತ್ತದೆ, ತೀರ್ಪಿಗೆ ಬಂದ ದಾರಿ ಇರುವುದಿಲ್ಲ. 'ಝಯೀಫ್' (ದುರ್ಬಲ) ಎಂದರೆ ಸುಳ್ಳು ಎಂದು ಅರ್ಥೈಸುವುದು ದೊಡ್ಡ ಎಡವಟ್ಟು. ಕಟ್ಟುಕಥೆಗೆ ಮೌಝೂ ಎಂಬ ಬೇರೆ ದರ್ಜೆಯೇ ಇದೆ. ಹಲಾಲ್-ಹರಾಮ್ ತೀರ್ಮಾನಕ್ಕೆ ಬಾರದ ಝಯೀಫನ್ನು ಸತ್ಕರ್ಮದ ಹುರುಪಿಗೆ ಬಳಸಬಹುದೆಂದು ಅನೇಕ ವಿದ್ವಾಂಸರು ಒಪ್ಪಿದ್ದಾರೆ.

ಹದೀಸ್ ಬಂದಾಗ ಮೊದಲು ಕಿತಾಬಿನ ಹೆಸರು, ಸಂಖ್ಯೆ ಕೇಳಬೇಕು. ಮುದ್ರಣದಿಂದ ಮುದ್ರಣಕ್ಕೆ ಸಂಖ್ಯೆ ಬದಲಾಗುವುದರಿಂದ ಅಧ್ಯಾಯವನ್ನೂ ಗುರುತು ಹಾಕಿಕೊಳ್ಳಬೇಕು. ಆಮೇಲೆ ಪೂರ್ತಿ ಮತನ್ ಓದಿ, ದರ್ಜೆ ಯಾರು ಕೊಟ್ಟದ್ದು, ಯಾಕೆ ಎಂದು ನೋಡಬೇಕು. ಅನುವಾದಗಳಲ್ಲಿ ಸಾಮಾನ್ಯವಾಗಿ ಮೊದಲ ರಾವಿಯ ಹೆಸರಷ್ಟೇ ಉಳಿಯುತ್ತದೆ, ಸನದ್ ಬಿಟ್ಟುಹೋಗುತ್ತದೆ. ಕನ್ನಡದಲ್ಲೇ ಓದುವ ಹುಡುಗ ಸಿಕ್ಕಿಬೀಳುವುದು ಇಲ್ಲೇ. ನಾಝಿರಾದಲ್ಲಿ, ಅಂದರೆ ಅಕ್ಷರ ನೋಡಿ ಓದುವ ಪಾಠದಲ್ಲಿ, ಕುರ್‌ಆನಿನ 30 ಪಾರಾ (ಭಾಗ) ಓದಿ ಮುಗಿಸಿದ್ದರೂ ಅರ್ಥ ಕಲಿತಿರುವುದಿಲ್ಲ. ಮದರಸಾ ಪಠ್ಯಕ್ರಮವಾದ ದರ್ಸೆ ನಿಝಾಮಿಯ ಕೊನೆಯ ವರ್ಷ, ದೌರಾ ಎ ಹದೀಸ್, ಮುಗಿಸಿದ ಆಲಿಮ್ ಬುಖಾರಿ, ತಿರ್ಮಿಝಿಗಳನ್ನು ಉಸ್ತಾದರ ಮುಂದೆ ಓದಿರುತ್ತಾರೆ. ಅಬ್ಬಾ, ಮಗ ಇಬ್ಬರೂ ಅಂಥವರ ಎದುರು ಕೂತು ತಿರ್ಮಿಝಿಯ 739ನ್ನು ತೆರೆಸಿ, ಅಡಿಯಲ್ಲಿರುವ ಟಿಪ್ಪಣಿಯವರೆಗೂ ಓದಿಸಿಕೊಳ್ಳಬಹುದು.