ಬ್ಲೌಸ್ ಕುತ್ತಿಗೆಯ ಪೈಪಿಂಗ್ ತಿರುಚಿಕೊಳ್ಳುವುದು ಏಕೆ?

ಪ್ರಶ್ನೆ: ಬ್ಲೌಸಿನ ಕುತ್ತಿಗೆಗೆ ಪೈಪಿಂಗ್ ಕೊಟ್ಟಾಗಲೆಲ್ಲ ಅದು ತಿರುಚಿಕೊಂಡು ಸುಕ್ಕಾಗುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಅಂಗಡಿಯಿಂದ ರೆಡಿಮೇಡ್ ಪೈಪಿಂಗ್ ತಂದು ಹಚ್ಚಿದರೂ ಅದೇ ಗತಿ. ಹಳೆಯ ಕಾಲದ ಉಡುಪುಗಳಲ್ಲಿ ಕಾಣುವ, ಗೆರೆ ಎಳೆದಷ್ಟು ಸಣ್ಣನೆಯ ಪೈಪಿಂಗ್ ಮನೆಯ ಮಷೀನಿನಲ್ಲಿ ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಪೈಪಿಂಗ್ ಎಂದರೆ ಓರೆಯಾಗಿ ಕತ್ತರಿಸಿದ ಪಟ್ಟಿಯನ್ನು ಒಂದು ದಪ್ಪ ದಾರಕ್ಕೆ ಸುತ್ತಿ ಹೊಲಿಗೆಯಲ್ಲಿ ಕೂರಿಸುವ ಉಬ್ಬು ಅಂಚು. 1830ರಿಂದ 1860ರ ದಶಕದವರೆಗೆ ಇಂಗ್ಲೆಂಡ್, ಅಮೆರಿಕದ ಹೆಂಗಸರ ಮೇಲುಡುಪುಗಳಲ್ಲಿ ತೋಳು ಕೂಡುವ ಸುತ್ತು, ಕುತ್ತಿಗೆ, ಸೊಂಟ ಇಲ್ಲೆಲ್ಲ ಅದೇ ಬಟ್ಟೆಯಿಂದ ಮಾಡಿದ ಸಣ್ಣ ಪೈಪಿಂಗ್ ಇರುತ್ತಿತ್ತು. ಬಹುಪಾಲು ಕೈಸೂಜಿಯಲ್ಲೇ ಹೊಲಿದದ್ದು. ಅದು ಬರೀ ಅಂದಕ್ಕಲ್ಲ. ಜಗ್ಗಾಟ ಹೆಚ್ಚಿರುವ ಹೊಲಿಗೆಯೊಳಗೆ ಒಂದು ದಾರ ಕೂತಿದ್ದರೆ ಬಟ್ಟೆ ಬೇಗ ಪಿಸಿಯುವುದಿಲ್ಲ. ಕೈಸೂಜಿಗೆ ದಕ್ಕಿದ್ದು ಮಷೀನಿಗೆ ದಕ್ಕದಿರಲು ಕಾರಣವಿಲ್ಲ. ಪೈಪಿಂಗ್ ಕೆಡುವುದು ಹೆಚ್ಚಾಗಿ ಮಷೀನಿನ ಮುಂದೆ ಅಲ್ಲ, ಅದಕ್ಕೂ ಮೊದಲೇ, ಕತ್ತರಿ ಹಿಡಿದಾಗ.

ಮೊದಲು ಕೆಟ್ಟಿರುವ ಬ್ಲೌಸನ್ನು ಬೆಳಕಿನಲ್ಲಿ ಹಿಡಿದು ನೋಡಿ. ಸುಕ್ಕು ಎಲ್ಲಿದೆ ಎಂಬುದರಲ್ಲೇ ಕಾರಣ ಇದೆ. ಪೈಪಿಂಗ್ ಮೇಲೆಯೇ ಓರೆ ಓರೆ ಸುಕ್ಕುಗಳಿದ್ದರೆ ಪಟ್ಟಿಯನ್ನು ಸರಿಯಾದ ಕ್ರಾಸಿನಲ್ಲಿ (ಬಟ್ಟೆಯ ಎಳೆಗಳಿಗೆ ಓರೆಯಾಗಿ) ಕತ್ತರಿಸಿಲ್ಲ, ಅಥವಾ ದಾರಕ್ಕೆ ಸುತ್ತುವಾಗ ಅದು ಜಾರಿದೆ. ಪೈಪಿಂಗ್ ನುಣುಪಾಗಿದ್ದು ಅದರ ಕೆಳಗಿನ ಬ್ಲೌಸ್ ಬಟ್ಟೆ ನೆರಿಗೆ ಕಟ್ಟಿದ್ದರೆ ಪೈಪಿಂಗನ್ನು ಎಳೆದು ಹಚ್ಚಿದ್ದೀರಿ. ಪೈಪಿಂಗ್ ಅಲೆಯಲೆಯಾಗಿ ಎದ್ದು ನಿಂತಿದ್ದರೆ ಸಡಿಲ ಬಿಟ್ಟಿದ್ದೀರಿ. ದಪ್ಪ-ಸಣ್ಣ ಆಗಿದ್ದರೆ ಹೊಲಿಗೆ ದಾರಕ್ಕೆ ಒತ್ತಿ ಬಂದಿಲ್ಲ. ಹೊಲಿದ ದಿನ ಚೆನ್ನಾಗಿದ್ದು ಮೊದಲ ಒಗೆತದ ನಂತರ ಮುದುಡಿದ್ದರೆ ಒಳಗಿನ ದಾರ ಕುಗ್ಗಿದೆ.

ಕ್ರಾಸ್ ಎಂದರೆ ಸುಮಾರಾಗಿ ಓರೆ ಅಲ್ಲ, ಸರಿಯಾಗಿ 45 ಡಿಗ್ರಿ. ಬಟ್ಟೆಯ ಹಾಸಿನ ಎಳೆ ಉದ್ದಕ್ಕೆ, ಹೊಕ್ಕಿನ ಎಳೆ ಅಡ್ಡಕ್ಕೆ. ಇವೆರಡರ ದಿಕ್ಕಿನಲ್ಲಿ ಎಳೆದರೆ ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ. ಸರಿಯಾಗಿ ನಡುವಿನ ಓರೆಯಲ್ಲಿ ಎಳೆದಾಗ ಮಾತ್ರ ಎಳೆಗಳ ನಡುವಿನ ಚೌಕಗಳು ವಾಲಿ ಜಾಗ ಕೊಡುತ್ತವೆ, ಎರಡೂ ಎಳೆಗಳು ಸಮನಾಗಿ ವಾಲುತ್ತವೆ. ಪ್ಯಾರಿಸ್ಸಿನ ಉಡುಪು ವಿನ್ಯಾಸಕಿ ಮದ್ಲೆನ್ ವಿಯೊನೆ 1920, 30ರ ದಶಕಗಳಲ್ಲಿ ಇಡೀ ಗೌನುಗಳನ್ನು ಹೀಗೆ ಓರೆಯಾಗಿ ಕತ್ತರಿಸಿ ಮೈಗೆ ಹೊಂದಿಸಿದ್ದು ಇದೇ ಗುಣ ನಂಬಿ. ಕತ್ತರಿ 35 ಡಿಗ್ರಿಗೆ ಜಾರಿದರೆ ಒಂದು ಎಳೆ ಪಟ್ಟಿಯ ಉದ್ದಕ್ಕೆ ಹತ್ತಿರವಾಗುತ್ತದೆ, ಇನ್ನೊಂದು ದೂರವಾಗುತ್ತದೆ. ಆಗ ಪಟ್ಟಿಯನ್ನು ಬಾಗಿಸಿದೊಡನೆ ಅದು ಒಂದೇ ಕಡೆಗೆ ಎಳೆದುಕೊಂಡು ತಿರುಚುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಆ ತಿರುಚು ಹೋಗುವುದಿಲ್ಲ. ಉಳಿದ ತುಂಡಿನಲ್ಲಿ ಪಟ್ಟಿ ಹೊಂದಿಸುವ ಆಸೆಗೆ ಕೋನ ಬದಲಿಸುವವರು ಬಹಳ. ದಯವಿಟ್ಟು ಬೇಡ. ಉದ್ದ ಸಾಲದಿದ್ದರೆ ಒಂದು ಜೋಡಣೆ ಹೆಚ್ಚಾಗಲಿ, ಕೋನ ಮಾತ್ರ ಕೆಡದಿರಲಿ.

45 ಡಿಗ್ರಿ ಕಂಡುಕೊಳ್ಳಲು ಉಪಕರಣ ಬೇಡ. ಬಟ್ಟೆಯ ಕತ್ತರಿಸಿದ ಬದಿಯಿಂದ ಹೊಕ್ಕಿನ ಒಂದು ಎಳೆಯನ್ನು ಎಳೆದು ತೆಗೆಯಿರಿ, ಮೂಡಿದ ಗೆರೆಯ ಮೇಲೆ ಕತ್ತರಿಸಿ ಬದಿ ನೇರ ಮಾಡಿ. ಈಗ ಆ ಬದಿಯನ್ನು ಮಡಚಿ ಬಟ್ಟೆಯ ಅಂಚಿನ ಮೇಲೆ ಸರಿಯಾಗಿ ಕೂರಿಸಿ. ಮಡಿಕೆಯೇ 45 ಡಿಗ್ರಿ. ಅದರ ಮೇಲೆ ಬೆರಳೊತ್ತಿ ಬಿಚ್ಚಿ, ಸ್ಕೇಲ್ ಇಟ್ಟು ಚಾಕ್‌ನಿಂದ ಗೆರೆ ಹಾಕಿ. ಪಟ್ಟಿಗಳನ್ನು ಒಂದೇ ಪದರದಲ್ಲಿ ಕತ್ತರಿಸಬೇಕು. ಬಟ್ಟೆ ಮಡಚಿಟ್ಟು ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಕೆಳಗಿನದು ಸರಿದಿರುತ್ತದೆ.

ಇನ್ನು ಪಟ್ಟಿಯ ಅಗಲ. ಟೇಪಿನ ಸೆಂಟಿಮೀಟರ್ ಬದಿ ಬಳಸಿದರೆ ಲೆಕ್ಕ ಸುಲಭ: ದಾರದ ಸುತ್ತಳತೆ, ಅದಕ್ಕೆ ಎರಡು ಕಡೆಯ ಮಾರ್ಜಿನ್ (ಹೊಲಿಗೆಯಿಂದಾಚೆ ಉಳಿಯುವ ಬಟ್ಟೆ), ಮೇಲೆ 2 ಮಿ.ಮೀ. ಬ್ಲೌಸಿಗೆ 2 ಮಿ.ಮೀ. ದಪ್ಪದ ದಾರ ಚೆಂದ. ಅದರ ಸುತ್ತಳತೆ 6 ಮಿ.ಮೀ. ಚಿಲ್ಲರೆ, ಮಾರ್ಜಿನ್ ಎರಡೂ ಕಡೆ ಒಂದೊಂದು ಸೆಂ.ಮೀ.; ಪಟ್ಟಿ 2.8 ಸೆಂ.ಮೀ. ಇರಲಿ. 3 ಮಿ.ಮೀ. ದಾರಕ್ಕೆ 3.2 ಸೆಂ.ಮೀ. ಕುಶನ್ ಕವರಿಗೆ 5 ಮಿ.ಮೀ. ದಾರ, 1.2 ಸೆಂ.ಮೀ. ಮಾರ್ಜಿನ್, ಪಟ್ಟಿ 4.2 ಸೆಂ.ಮೀ. ಪೈಪಿಂಗಿನ ಮಾರ್ಜಿನ್ ಮತ್ತು ಬ್ಲೌಸಿನ ಹೊಲಿಗೆ ಮಾರ್ಜಿನ್ ಒಂದೇ ಅಳತೆಯಲ್ಲಿರುವುದು ಮುಖ್ಯ. ಆಗ ಎರಡೂ ಬದಿ ಸೇರಿಸಿ ಹಿಡಿದರೆ ಸಾಕು, ಹೊಲಿಗೆ ತಾನಾಗಿ ಸರಿಯಾದ ಜಾಗದಲ್ಲಿ ಬರುತ್ತದೆ. ರೆಡಿಮೇಡ್ ಪೈಪಿಂಗಿನಲ್ಲಿ ಕೈಕೊಡುವುದು ಹೆಚ್ಚಾಗಿ ಇದೇ. ಮಾರ್ಜಿನ್ ಒಂದು ಕಡೆ 6 ಮಿ.ಮೀ., ಮುಂದೆ 9 ಮಿ.ಮೀ. ಇರುತ್ತದೆ. ತಂದದ್ದನ್ನು ಸುರುಳಿ ಬಿಚ್ಚಿ, ಆವಿ ತೋರಿಸಿ, ಒಂದು ರಾತ್ರಿ ಸಡಿಲವಾಗಿ ಹರಡಿಟ್ಟು, ಮಾರ್ಜಿನನ್ನು ಸಮವಾಗಿ ಕತ್ತರಿಸಿಕೊಂಡ ಮೇಲೆ ಬಳಸಿ.

ಎಷ್ಟು ಬಟ್ಟೆ ಬೇಕು? 50 ಸೆಂ.ಮೀ. ಚೌಕದ ಕರ್ಣ ಸುಮಾರು 70 ಸೆಂ.ಮೀ. ನಡುವಿನ ನಾಲ್ಕು ಪಟ್ಟಿ ತೆಗೆದರೆ ಒಂದು ಬ್ಲೌಸಿನ ಕುತ್ತಿಗೆ, ಎರಡು ತೋಳು ಮುಗಿದು ಇನ್ನೂ ಮಿಗುತ್ತದೆ. ಟೂ ಬೈ ಟೂ ರೂಬಿಯಾ ಪೈಪಿಂಗಿಗೆ ಬಹಳ ಒಳ್ಳೆಯ ಬಟ್ಟೆ: ತೆಳು, ಆದರೆ ನೇಯ್ಗೆ ಬಿಗಿ. ಸ್ಯಾಟಿನ್ ಜಾರುತ್ತದೆ, ಕಲಿಯುವಾಗ ಬೇಡ. ಜರಿ ಇರುವ ಬಟ್ಟೆ ಕುತ್ತಿಗೆಗೆ ಚುಚ್ಚುತ್ತದೆ, ಬಾಗುವುದೂ ಇಲ್ಲ. ಹಳೆಯ ರೇಷ್ಮೆ ಸೀರೆಯಿಂದ ಪಟ್ಟಿ ತೆಗೆಯುವ ಯೋಚನೆ ಇದ್ದರೆ ಮೊದಲು ಮಡಿಕೆಯ ಜಾಗ ಬಿಟ್ಟು ಬೇರೆ ಕಡೆ ಎರಡೂ ಕೈಯಲ್ಲಿ ಹಿಡಿದು ಓರೆಗೆ ಎಳೆದು ನೋಡಿ. ಎಳೆ ಬಿಟ್ಟುಕೊಂಡರೆ ಆ ಸೀರೆ ಪಿಸಿದಿದೆ. ಅದಕ್ಕೆ ಬಾಗಿ ಹೋಗುವ, ಉಜ್ಜಾಟ ತಿನ್ನುವ ಪೈಪಿಂಗಿನ ಕೆಲಸ ಕೊಡಬಾರದು.

ಗುಳೇದಗುಡ್ಡದ ಖಣದ ಬ್ಲೌಸಿಗೆ ಪೈಪಿಂಗ್ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ, ಖಣ ಹೊಲಿಯುವವರು ಇದನ್ನು ಕಲಿಯಲೇಬೇಕು. ಆದರೆ ಪಟ್ಟಿಯನ್ನು ಖಣದಿಂದಲೇ ತೆಗೆಯಬೇಡಿ. ಅಗಲ ಕಡಿಮೆ ಇರುವ ಬಟ್ಟೆ, ಪಟ್ಟಿಗೆಂದು ಉಳಿಯುವುದೂ ಸ್ವಲ್ಪ. ಚಿತ್ತಾರವೂ ಸಣ್ಣ ದಾರದ ಮೇಲೆ ಕಾಣುವುದಿಲ್ಲ. ಇಳಕಲ್ ಸೀರೆಯ ಸೆರಗಿನ ಕೆಂಪಿಗೆ ಹೊಂದುವ ಸಾದಾ ಬಟ್ಟೆ ತನ್ನಿ. ಒದ್ದೆ ಬಿಳಿ ಬಟ್ಟೆಯಿಂದ ಅದನ್ನು ಉಜ್ಜಿ, ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ಖಣದ ಬದಿ ಎಳೆ ಬಿಚ್ಚಿಕೊಳ್ಳುವುದರಿಂದ ಅಲ್ಲಿ ಮಾರ್ಜಿನ್ ಒಂದೂವರೆ ಸೆಂ.ಮೀ. ಇಟ್ಟು, ಪೈಪಿಂಗಿನ ಮಾರ್ಜಿನನ್ನೂ ಅದೇ ಅಳತೆಗೆ ಇಡಿ.

ಒಳಗಿನ ದಾರ ಹತ್ತಿಯದಾದರೆ ಬಿಸಿನೀರಿನಲ್ಲಿ ನೆನೆಸಿ, ಎಳೆಯದೆ ಒಣಗಿಸಿ. ಇಷ್ಟು ಮಾಡದ ಕಾರಣಕ್ಕೇ ಒಂದು ಒಗೆತಕ್ಕೆ ಕುತ್ತಿಗೆ ಮುದುಡಿದ ಬ್ಲೌಸುಗಳು ಎಷ್ಟೋ. ನೈಲಾನ್ ದಾರ ಕುಗ್ಗುವುದಿಲ್ಲ, ಆದರೆ ಇಸ್ತ್ರಿಯ ಬಿಸಿ ಕಡಿಮೆ ಇರಬೇಕು.

ಪಟ್ಟಿಗಳನ್ನು ಜೋಡಿಸುವಾಗ ಸರಿಬದಿಗಳು (ಹೊರಗೆ ಕಾಣುವ ಮೈ) ಎದುರಾಗಿ, ಒಂದಕ್ಕೊಂದು ಲಂಬವಾಗಿ ಇಟ್ಟು ಓರೆಯಾಗಿ ಹೊಲಿಯಿರಿ. ಎರಡು ಬದಿಗಳಲ್ಲೂ ಸಣ್ಣ ಕಿವಿಯಂಥ ಮೂಲೆ ಹೊರಗುಳಿಯಬೇಕು, ಹೊಲಿಗೆ ಆ ಎರಡು ಸಂದುಗಳ ನಡುವೆ ಹೋಗಬೇಕು. ಮಾರ್ಜಿನ್ ಬಿಡಿಸಿ ಇಸ್ತ್ರಿ ಮಾಡಿ, 5 ಮಿ.ಮೀ.ಗೆ ಕತ್ತರಿಸಿ. ನೇರವಾಗಿ ಜೋಡಿಸಿದರೆ ನಾಲ್ಕು ಪದರ ಒಂದೇ ಕಡೆ ಸೇರಿ ಗಂಟು ಕಾಣುತ್ತದೆ. ಜೋಡಣೆ ಕುತ್ತಿಗೆಯ ಮುಂಭಾಗಕ್ಕೆ ಬಾರದಂತೆ, ಭುಜದ ಹೊಲಿಗೆಯಿಂದ 2 ಸೆಂ.ಮೀ. ಹಿಂದಕ್ಕೆ ಬರುವಂತೆ ನೋಡಿಕೊಳ್ಳಿ. ಭುಜದ ಹೊಲಿಗೆಯ ಮೇಲೆಯೇ ಬಂದರೆ ಅಲ್ಲಿ ದಪ್ಪವಾಗುತ್ತದೆ. ಪಟ್ಟಿಗೆ ಇಸ್ತ್ರಿಯನ್ನು ಒತ್ತಿ ಎತ್ತಬೇಕು, ಎಳೆಯಬಾರದು. ಎಳೆದರೆ ಪಟ್ಟಿ ಹಿಗ್ಗಿ ಅಗಲ ಕಳೆದುಕೊಳ್ಳುತ್ತದೆ.

ಮೂರು ಹೊಲಿಗೆ

ಸಣ್ಣನೆಯ ಪೈಪಿಂಗಿನ ಗುಟ್ಟು ಇಲ್ಲಿದೆ. ಮೂರು ಸಲ ಹೊಲಿಯುತ್ತೇವೆ, ಪ್ರತಿ ಸಲವೂ ದಾರಕ್ಕೆ ಇನ್ನಷ್ಟು ಹತ್ತಿರ ಹೋಗುತ್ತೇವೆ. ಮೊದಲ ಹೊಲಿಗೆಯನ್ನೇ ದಾರಕ್ಕೆ ಒತ್ತಿ ಹಾಕಿದರೆ ಮುಂದಿನವು ಅದಕ್ಕಿಂತ ಹೊರಗೆ ಬೀಳುತ್ತವೆ, ಮೊದಲ ಹೊಲಿಗೆಯ ನೂಲು ಹೊರಗೆ ಕಾಣುತ್ತದೆ, ಪೈಪಿಂಗ್ ದಪ್ಪ-ಸಣ್ಣ ಆಗುತ್ತದೆ.

ಮಷೀನಿಗೆ ಹಾಫ್ ಫೂಟ್ (ಬಟ್ಟೆ ಒತ್ತಿ ಹಿಡಿಯುವ, ಒಂದೇ ಕಾಲಿನ ಫೂಟ್) ಹಾಕಿ. ಹಳೆಯ ಕಪ್ಪು ಮಷೀನಿನಲ್ಲಿ ಸೂಜಿ ಅತ್ತಿತ್ತ ಸರಿಯುವುದಿಲ್ಲ, ಆದ್ದರಿಂದ ಎಡ, ಬಲ ಎರಡೂ ಹಾಫ್ ಫೂಟ್ ಇಟ್ಟುಕೊಂಡಿರುವುದು ಅನುಕೂಲ. ರೂಬಿಯಾ, ರೇಷ್ಮೆಗೆ 11ನೇ ನಂಬರ್ ಸೂಜಿ, ದಪ್ಪ ಬಟ್ಟೆಗೆ 14. ಪಟ್ಟಿಯ ನಡುವೆ ದಾರ ಇಟ್ಟು ಮಡಚಿ, ದಾರದಿಂದ 1 ಮಿ.ಮೀ. ದೂರದಲ್ಲಿ, 4 ಮಿ.ಮೀ. ಉದ್ದದ ದೊಡ್ಡ ಹೊಲಿಗೆ ಹಾಕಿ. ಇಲ್ಲಿ ಗಮನಿಸಬೇಕಾದದ್ದು ಎರಡು ಬದಿಗಳು. ಅವು ಕೊನೆಯವರೆಗೂ ಒಂದರ ಮೇಲೊಂದು ಸರಿಯಾಗಿ ಕೂತಿರಬೇಕು. ಫೂಟ್ ಮೇಲಿನ ಪದರವನ್ನು ಮುಂದಕ್ಕೆ ತಳ್ಳುತ್ತದೆ. ಅದು ಒಂದೆರಡು ಮಿ.ಮೀ. ಸರಿದರೂ ಕ್ರಾಸ್ ಸರಿ ಇರುವ ಪಟ್ಟಿಯೂ ತಿರುಚುತ್ತದೆ. ಫೂಟಿನ ಒತ್ತಡದ ಸ್ಕ್ರೂ ಸಡಿಲಿಸಿ, ಪ್ರತಿ ಗೇಣಿಗೊಮ್ಮೆ ನಿಲ್ಲಿಸಿ, ಸೂಜಿ ಕೆಳಗಿಟ್ಟು ಫೂಟ್ ಎತ್ತಿ ಬಟ್ಟೆ ಸರಿಮಾಡಿ. ಜಾರುವ ಬಟ್ಟೆಗೆ ಮೊದಲೇ ಕಚ್ಚಾ ಹೊಲಿಗೆ ಹಾಕಿಬಿಡಿ.

ಎರಡನೆಯದು ಪೈಪಿಂಗನ್ನು ಬ್ಲೌಸಿಗೆ ಹಚ್ಚುವ ಹೊಲಿಗೆ. ಅದಕ್ಕೂ ಮೊದಲು ಬ್ಲೌಸಿನ ಕುತ್ತಿಗೆಗೆ, ಬದಿಯಿಂದ 8 ಮಿ.ಮೀ. ಒಳಗೆ (ಖಣವಾದರೆ 13 ಮಿ.ಮೀ.) ಒಂದೇ ಪದರದಲ್ಲಿ ಒಂದು ಸಾಲು ಹೊಲಿಗೆ ಹಾಕಿ. ಕುತ್ತಿಗೆಯ ಸುತ್ತು ಹಲವು ಕಡೆ ಓರೆಯಾಗಿಯೇ ಕತ್ತರಿಸಿರುತ್ತದೆ, ಕೈಯಾಡಿದಷ್ಟೂ ಹಿಗ್ಗುತ್ತದೆ. ಪೈಪಿಂಗನ್ನು ಸರಿಬದಿಯ ಮೇಲೆ, ಬದಿಗೆ ಬದಿ ಸೇರಿಸಿ ಇಡಿ. ದುಂಡು ಬರುವಲ್ಲಿ ಪೈಪಿಂಗಿನ ಮಾರ್ಜಿನಿಗೆ ಸೆಂಟಿಮೀಟರಿಗೊಂದರಂತೆ ಕಚ್ಚು ಕೊಡಿ, ಹೊಲಿಗೆಗೆ 2 ಮಿ.ಮೀ. ಮೊದಲೇ ಕತ್ತರಿ ನಿಲ್ಲಲಿ.

ಎಷ್ಟು ಎಳೆಯಬೇಕು ಎಂಬುದರಲ್ಲೇ ಹಲವರು ಎಡವುತ್ತಾರೆ. ಮಡಚಿದ ಮೇಲೆ ದಾರ ಕುತ್ತಿಗೆಯ ಒಳಸುತ್ತಿನಲ್ಲಿ ಕೂರುತ್ತದೆ, ಒಳಸುತ್ತು ಹೊಲಿಗೆಯ ಸುತ್ತಿಗಿಂತ ಚಿಕ್ಕದು. 8 ಸೆಂ.ಮೀ. ತ್ರಿಜ್ಯದ ಅರ್ಧ ದುಂಡಿನಲ್ಲಿ ಹೊಲಿಗೆ ಸಾಲು 25 ಸೆಂ.ಮೀ. ಇದ್ದರೆ, 2 ಮಿ.ಮೀ. ದಾರದ ಹೊರಬದಿ ಅದಕ್ಕಿಂತ ಸುಮಾರು 6 ಮಿ.ಮೀ. ಕಡಿಮೆ. ಆದ್ದರಿಂದ ದುಂಡಿನ ಭಾಗದಲ್ಲಿ ಒಟ್ಟು ಅರ್ಧ ಸೆಂ.ಮೀ.ಯಷ್ಟು ಬಿಗಿ ಸಾಕು. ಬೆರಳು ತುಸು ಹಿಡಿದಂತೆ, ಅಷ್ಟೇ. ಭುಜದ ಕಡೆಯ ನೇರ ಭಾಗದಲ್ಲಿ ಸ್ವಲ್ಪವೂ ಎಳೆಯಬಾರದು. ಮೊದಲ ಹೊಲಿಗೆಗಿಂತ ಅರ್ಧ ಮಿ.ಮೀ. ದಾರದ ಕಡೆಗೆ ಸರಿದು ಹೊಲಿಯಿರಿ.

ಮೂರನೆಯದು ಲೈನಿಂಗ್ ಕೂಡಿಸುವುದು. ಲೈನಿಂಗನ್ನು ಮೇಲಿಟ್ಟು, ಇಡೀ ಬಟ್ಟೆ ತಿರುಗಿಸಿ ಎರಡನೆಯ ಹೊಲಿಗೆ ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಿ. ಆ ಗೆರೆಗೆ ಇನ್ನೂ ಒಳಗೆ, ದಾರಕ್ಕೆ ಫೂಟ್ ತಾಗಿಕೊಂಡೇ ಹೋಗುವಂತೆ, ಹೊಲಿಗೆ ಉದ್ದ 2 ಮಿ.ಮೀ. ಇಟ್ಟು ಹೊಲಿಯಿರಿ. ನಂತರ ಪದರಗಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ, ಲೈನಿಂಗ್ 4 ಮಿ.ಮೀ., ಪೈಪಿಂಗ್ 5, ಬ್ಲೌಸ್ 7. ದುಂಡಿನಲ್ಲಿ ಎಲ್ಲ ಪದರಕ್ಕೂ ಕಚ್ಚು ಕೊಟ್ಟು ತಿರುಗಿಸಿ. ಚೌಕ ಕುತ್ತಿಗೆಯ ಮೂಲೆಯಲ್ಲಿ ಕಚ್ಚು ಹೊಲಿಗೆಯ ಒಂದೆಳೆಯವರೆಗೂ ಹೋಗಬೇಕು, ಅದಕ್ಕೇ ಮೂಲೆಯ ಎರಡೂ ಕಡೆ 2 ಸೆಂ.ಮೀ. ದೂರ ಹೊಲಿಗೆ ಉದ್ದ ಒಂದೂವರೆ ಮಿ.ಮೀ. ಇರಲಿ. ಇಸ್ತ್ರಿ ದಾರದ ಬುಡದವರೆಗೆ ಮಾತ್ರ. ದಾರದ ಮೇಲೆ ಹೋದರೆ ಪೈಪಿಂಗ್ ಚಪ್ಪಟೆಯಾಗುತ್ತದೆ.

ಹುಕ್ಕಿನ ಪಟ್ಟಿ ಬರುವಲ್ಲಿ ಪೈಪಿಂಗ್ ದಪ್ಪವಾಗಿ ನಿಲ್ಲದಿರಲು, ತುದಿಯಲ್ಲಿ ಪಟ್ಟಿ ಬಿಡಿಸಿ ಒಳಗಿನ ದಾರವನ್ನು ಒಂದು ಸೆಂ.ಮೀ. ಕತ್ತರಿಸಿ ತೆಗೆಯಿರಿ. ಖಾಲಿ ಪಟ್ಟಿಯನ್ನು ಮಾರ್ಜಿನ್ ಕಡೆಗೆ ಬಾಗಿಸಿ ಹೊಲಿಗೆಯೊಳಗೆ ಸೇರಿಸಿದರೆ ತುದಿ ಸಣ್ಣಗೆ ಮುಗಿಯುತ್ತದೆ.

ಕುಶನ್ ಕವರಿನಲ್ಲಿ ಎಲ್ಲವೂ ಉಲ್ಟಾ. ಅಲ್ಲಿ ಮಾರ್ಜಿನ್ ಹೊರಸುತ್ತಿನಲ್ಲಿರುತ್ತದೆ, ಆದ್ದರಿಂದ ಮೂಲೆಯಲ್ಲಿ ಎಳೆಯದೆ ತುಸು ಸಡಿಲ ಬಿಡಬೇಕು. ಮೂಲೆಗೆ ಮೂರು ಕಚ್ಚು ಕೊಟ್ಟು, ಚೂಪಾಗಿ ತಿರುಗಿಸದೆ ಸ್ವಲ್ಪ ದುಂಡಗೆ ಹೊಲಿಯಿರಿ. ಕತ್ತರಿಸುವಾಗಲೇ ಪ್ರತಿ ಮೂಲೆಯನ್ನು ಒಂದು ಸೆಂ.ಮೀ. ಒಳಕ್ಕೆ ತಂದು, 10 ಸೆಂ.ಮೀ. ಆಚೆಗೆ ಬದಿಯ ನೇರಕ್ಕೆ ಸೇರುವಂತೆ ಇಳಿಜಾರು ಕೊಟ್ಟರೆ ದಿಂಬು ತುಂಬಿದ ಮೇಲೆ ಮೂಲೆಗಳು ಖಾಲಿ ಕಿವಿಯಂತೆ ಚಾಚುವುದಿಲ್ಲ. 40 ಸೆಂ.ಮೀ. ಕುಶನಿಗೆ 160 ಸೆಂ.ಮೀ. ಸುತ್ತು, ಕೂಡಿಸಲು ಇನ್ನು 10 ಸೇರಿಸಿಕೊಳ್ಳಿ. ಕೂಡುವ ಜಾಗ ಮೂಲೆಯಲ್ಲಿ ಬೇಡ, ಕೆಳಬದಿಯ ನಡುವೆ ಇರಲಿ: ಒಂದು ತುದಿಯ ಪಟ್ಟಿ ಬಿಡಿಸಿ, ಎರಡು ದಾರಗಳು ತುದಿಗೆ ತುದಿ ಮುಟ್ಟುವಂತೆ ಕತ್ತರಿಸಿ, ಪಟ್ಟಿಯ ಬದಿ ಒಂದು ಸೆಂ.ಮೀ. ಒಳಮಡಚಿ ಇನ್ನೊಂದರ ಮೇಲೆ ಹೊದಿಸಿ.

ಈಗಾಗಲೇ ಕೆಟ್ಟಿರುವ ಬ್ಲೌಸನ್ನು ಪೂರ್ತಿ ಬಿಚ್ಚಬೇಕೇ? ಪೈಪಿಂಗ್ ಮೇಲಿನ ಎಳೆಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಎರಡೂ ಎಳೆಗಳು ಸಮನಾದ ಓರೆಯಲ್ಲಿ ಹೋಗಿದ್ದರೆ ಪಟ್ಟಿ ಸರಿ ಇದೆ. ದುಂಡಿನ ಭಾಗವನ್ನಷ್ಟೇ ಬಿಚ್ಚಿ, ಕಚ್ಚು ಕೊಟ್ಟು, ಮೂರನೆಯ ಹೊಲಿಗೆಯನ್ನು ದಾರಕ್ಕೆ ಒತ್ತಿ ಮತ್ತೆ ಹಾಕಿ. ಬಿಚ್ಚಿದ ಜಾಗದ ಆಚೆ ಈಚೆ 2 ಸೆಂ.ಮೀ. ಹಳೆಯ ಹೊಲಿಗೆಯ ಮೇಲೆಯೇ ಹೊಲಿಗೆ ಹಾಯಿಸಿ. ಒಂದು ಎಳೆ ಪೈಪಿಂಗಿನ ಉದ್ದದ ಕಡೆಗೆ ಹೆಚ್ಚು ವಾಲಿದ್ದರೆ ಮಾತ್ರ ಪಟ್ಟಿಯನ್ನೇ ಬದಲಿಸಬೇಕು. ದಾರವನ್ನು ಎಸೆಯಬೇಡಿ, ಅದು ಒಗೆದು ಕುಗ್ಗಿಯಾಗಿದೆ, ಹೊಸ ಪಟ್ಟಿಗೆ ಹೊಸ ದಾರಕ್ಕಿಂತ ಅದೇ ಒಳ್ಳೆಯದು.