ಲಸಿಕೆ ಹಾಕಿಸಿಕೊಂಡವರೇ ಆಸ್ಪತ್ರೆಯಲ್ಲಿ ಜಾಸ್ತಿ ಇದ್ದರಲ್ಲ!

ಕೋವಿಡ್ ಲಸಿಕೆಯ ಮಾತು ಬಂದರೆ ಸಾಕು, ಇವತ್ತಿಗೂ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ: "ಆಸ್ಪತ್ರೆ ಸೇರಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಲಸಿಕೆ ಹಾಕಿಸಿಕೊಂಡವರೇ ಅಲ್ವಾ? ಮತ್ತೆ ಅದರಿಂದ ಏನು ಬಂತು?" ಓದಿದವರು, ಲೆಕ್ಕ ಬಲ್ಲವರು ಕೂಡ ಹೀಗೆ ಕೇಳುತ್ತಾರೆ. ಲಸಿಕೆ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ನಾನಿಲ್ಲಿ ಬರೆಯುವುದಿಲ್ಲ. ಈ ಒಂದು ಲೆಕ್ಕವನ್ನು ಮಾತ್ರ ಬಿಡಿಸಿ ಇಡುತ್ತೇನೆ.

ಆ ಮಾತು ಸುಳ್ಳಲ್ಲ. 2021ರ ಆಗಸ್ಟ್ ಮಧ್ಯದಲ್ಲಿ ಇಸ್ರೇಲ್‌ನ ಆಸ್ಪತ್ರೆಗಳಲ್ಲಿ ಕೋವಿಡ್ ತೀವ್ರವಾಗಿದ್ದವರು 515 ಜನ. ಅವರಲ್ಲಿ 301 ಜನ ಎರಡೂ ಡೋಸ್ ಮುಗಿಸಿದ್ದರು. ಕೋವಿಡ್ ವೈರಸ್ಸಿನ ಡೆಲ್ಟಾ ರೂಪಾಂತರ ಹರಡುತ್ತಿದ್ದ ಕಾಲ, ಅಲ್ಲಿ ಕೊಡುತ್ತಿದ್ದದ್ದು ಫೈಜರ್ ಲಸಿಕೆ. ಈ ಒಂದು ಅಂಕಿ ಜಗತ್ತನ್ನೆಲ್ಲ ಸುತ್ತಿ ಬಂತು.

ಈಗ ಅದೇ ದಿನದ ಅಂಕಿಗಳಲ್ಲಿ 50 ದಾಟಿದವರನ್ನು ಮಾತ್ರ ನೋಡಿ. ಲಸಿಕೆ ಪಡೆದವರಲ್ಲಿ 290 ಜನರಿಗೆ ಕಾಯಿಲೆ ತೀವ್ರವಾಗಿತ್ತು, ಪಡೆಯದವರಲ್ಲಿ 171 ಜನರಿಗೆ. 290 ದೊಡ್ಡದು, ನಿಜ. ಆದರೆ 290 ಎಷ್ಟು ಜನರಲ್ಲಿ? ಸುಮಾರು 21 ಲಕ್ಷದ 33 ಸಾವಿರ ಜನರಲ್ಲಿ. 171 ಎಷ್ಟು ಜನರಲ್ಲಿ? ಬರೀ 1 ಲಕ್ಷದ 86 ಸಾವಿರ ಜನರಲ್ಲಿ. ಭಾಗಿಸಿ ನೋಡಿ. ಲಸಿಕೆ ಇಲ್ಲದ ಒಂದು ಲಕ್ಷ ಜನರಲ್ಲಿ 92 ಮಂದಿ, ಲಸಿಕೆ ಇದ್ದ ಒಂದು ಲಕ್ಷ ಜನರಲ್ಲಿ 14 ಮಂದಿ. ಲಸಿಕೆ ಅಪಾಯವನ್ನು ಶೇ. 85ರಷ್ಟು ಇಳಿಸಿತ್ತು.

ಇಷ್ಟು ಹೇಳಿದರೂ ಕೆಲವರಿಗೆ ಸಮಾಧಾನ ಆಗುವುದಿಲ್ಲ. ಅದಕ್ಕೇ ಇನ್ನೊಂದು ಸಲ, ಸುಲಭದ ಸಂಖ್ಯೆಗಳಲ್ಲಿ. ಹತ್ತು ಸಾವಿರ ಜನ ಇದ್ದಾರೆ ಅಂದುಕೊಳ್ಳಿ. 9,500 ಜನ ಲಸಿಕೆ ಪಡೆದಿದ್ದಾರೆ, 500 ಜನ ಪಡೆದಿಲ್ಲ. ಪಡೆಯದವರಲ್ಲಿ ಹತ್ತರಲ್ಲಿ ಒಬ್ಬರು ಆಸ್ಪತ್ರೆ ಸೇರುತ್ತಾರೆ, ಅಂದರೆ 50 ಜನ. ಪಡೆದವರಲ್ಲಿ ನೂರಕ್ಕೆ ಒಬ್ಬರು, ಅಂದರೆ 95 ಜನ. ವಾರ್ಡಿನಲ್ಲಿ ನಿಂತು ನೋಡಿದರೆ ಮೂರರಲ್ಲಿ ಎರಡು ಪಾಲು ಲಸಿಕೆಯವರೇ! ಆದರೆ ಆ ಲಸಿಕೆ ಅಪಾಯವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದೆ. ಇನ್ನೂ ಮುಂದೆ ಹೋಗಿ. ಹತ್ತು ಸಾವಿರಕ್ಕೆ ಹತ್ತು ಸಾವಿರವೂ ಹಾಕಿಸಿಕೊಂಡರೆ? ಆಸ್ಪತ್ರೆ ಸೇರುವವರು ನೂರು, ಆ ನೂರೂ ಜನ ಲಸಿಕೆಯವರು. ಲಸಿಕೆ ಇಲ್ಲದಿದ್ದರೆ ಸೇರಬೇಕಾಗಿದ್ದವರು ಸಾವಿರ. ಮನೆಯಲ್ಲೇ ಆರಾಮಾಗಿ ಉಳಿದ ಆ ಒಂಬೈನೂರು ಜನ ವಾರ್ಡಿನಲ್ಲಿ ಕಣ್ಣಿಗೆ ಬೀಳುವುದಿಲ್ಲ.

ವಯಸ್ಸನ್ನು ಬೇರೆ ಮಾಡಿ ನೋಡಿದ್ದು ಯಾಕೆ ಅಂದರೆ, ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ಕಲಸಿದಾಗ ಅದೇ ಇಸ್ರೇಲ್ ಅಂಕಿಗಳಲ್ಲಿ ಲಸಿಕೆಯ ಪರಿಣಾಮ ಶೇ. 67ರ ಆಸುಪಾಸಿಗೆ ಇಳಿದಂತೆ ಕಾಣುತ್ತದೆ. ಬೇರ್ಪಡಿಸಿದರೆ 50ರ ಕೆಳಗಿನವರಲ್ಲಿ ಶೇ. 92ರ ಹತ್ತಿರ, ಮೇಲಿನವರಲ್ಲಿ ಶೇ. 85. ಮೊದಲೇ ಹೆಚ್ಚು ಅಪಾಯದಲ್ಲಿದ್ದ ವಯಸ್ಸಾದವರೇ ಜಾಸ್ತಿ ಲಸಿಕೆ ಪಡೆದಿದ್ದರು, ಅದಕ್ಕೆ ಹೀಗೆ.

ನನ್ನ ಬಳಿ ಬರುವ ನಿವೃತ್ತ ಮೇಷ್ಟ್ರೊಬ್ಬರು ಈ 301ರ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದ್ದರು. ಅಂಕಿಯ ಸುತ್ತ ಯಾರೋ ಕೆಂಪು ಗೆರೆ ಎಳೆದಿದ್ದರು. ನಾನು ಚೀಟಿಯ ಹಿಂಬದಿಯಲ್ಲಿ ಎರಡು ಚೌಕ ಬರೆದೆ. ಲಸಿಕೆ ಪಡೆದವರದ್ದು ಹಾಳೆ ತುಂಬುವಷ್ಟು ದೊಡ್ಡದು, ಪಡೆಯದವರದ್ದು ಬೆಂಕಿಪೊಟ್ಟಣದಷ್ಟು. ಕಾಯಿಲೆ ತೀವ್ರವಾದವರಿಗೆಂದು ಎರಡರಲ್ಲೂ ಚುಕ್ಕಿ ಇಟ್ಟೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಏಳನೇ ಕ್ಲಾಸಿನ ಲೆಕ್ಕ ಡಾಕ್ಟ್ರೇ" ಅಂದರು. ಹೌದು, ಅಷ್ಟೇ.

ಹಾಗಾದರೆ ಇಷ್ಟು ಸುಲಭದ ಲೆಕ್ಕ ತಲೆಗೆ ಯಾಕೆ ಹತ್ತುವುದಿಲ್ಲ? ನನಗನ್ನಿಸುವುದು, ಬಹಳ ಜನ ಲೆಕ್ಕ ನೋಡುವ ಮೊದಲೇ ಲಸಿಕೆ ಯಾರದ್ದು ಅಂತ ನೋಡಿರುತ್ತಾರೆ. ಅಮೆರಿಕದಲ್ಲಿ 2020ರಲ್ಲಿ ಲಸಿಕೆ ಬೇಗ ತರಲು ಹಣ ಸುರಿದದ್ದು ಟ್ರಂಪ್ ಸರ್ಕಾರ. ಆಗ ಅನುಮಾನದ ದನಿ ಎದ್ದದ್ದು ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಡೆಯಿಂದ. ಟ್ರಂಪ್ ಹೇಳಿದರೆ ಹಾಕಿಸಿಕೊಳ್ಳುವುದಿಲ್ಲ, ವೈದ್ಯರು ಹೇಳಿದರೆ ಮೊದಲ ಸಾಲಿನಲ್ಲಿ ನಿಲ್ಲುತ್ತೇನೆ ಅಂದರು ಆ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ ಕಮಲಾ ಹ್ಯಾರಿಸ್. ಸರ್ಕಾರ ಬದಲಾಯಿತು, ಅನುಮಾನವೂ ಪಕ್ಷ ಬದಲಾಯಿಸಿತು. 2021ರ ಆಗಸ್ಟ್‌ನಲ್ಲಿ ಅಲಬಾಮಾದ ಸಭೆಯೊಂದರಲ್ಲಿ ಟ್ರಂಪ್ ಅವರೇ ಲಸಿಕೆ ಹಾಕಿಸಿಕೊಳ್ಳಿ ಅಂದಾಗ ಅವರ ಬೆಂಬಲಿಗರಲ್ಲೇ ಕೆಲವರು ಕೂಗಿ ವಿರೋಧಿಸಿದರು. ನಮ್ಮಲ್ಲೂ ಸಮಾಜವಾದಿ ಪಕ್ಷದ ಅಖಿಲೇಶ್ ಯಾದವ್ 2021ರ ಜನವರಿಯಲ್ಲಿ ಇದು ಬಿಜೆಪಿ ಲಸಿಕೆ, ಬೇಡ ಅಂದರು. ಜೂನ್ ಹೊತ್ತಿಗೆ ಹಾಕಿಸಿಕೊಳ್ಳುತ್ತೇನೆ ಅಂದರು.

ಲಸಿಕೆಯ ಪರ ನಿಂತವರದ್ದೂ ತಪ್ಪಿದೆ. ಲಸಿಕೆ ಹಾಕಿಸಿಕೊಂಡರೆ ಕೋವಿಡ್ ಬರುವುದಿಲ್ಲ ಅಂತ ಆಗಿನ ಅಮೆರಿಕ ಅಧ್ಯಕ್ಷ ಬೈಡನ್ 2021ರ ಜುಲೈನಲ್ಲಿ ಟಿವಿಯಲ್ಲಿ ಹೇಳಿದರು. ಹಾಗೆ ಯಾವ ಲಸಿಕೆಯೂ ಭರವಸೆ ಕೊಟ್ಟಿರಲಿಲ್ಲ. ಸೋಂಕಿನಿಂದ ರಕ್ಷಣೆ ತಿಂಗಳುಗಳಲ್ಲಿ ಕಡಿಮೆಯಾಯಿತು, ಓಮಿಕ್ರಾನ್ ಬಂದ ಮೇಲೆ ಇನ್ನೂ ಕಡಿಮೆ. ತೀವ್ರ ಕಾಯಿಲೆಯಿಂದ ರಕ್ಷಣೆ ಹೆಚ್ಚು ಕಾಲ ನಿಂತಿತು. ಇವೆರಡನ್ನೂ ಒಂದೇ ಮಾತಿನಲ್ಲಿ ಸೇರಿಸಿ ಹೇಳಿದ್ದಕ್ಕೆ ಜನ ಮೋಸ ಹೋದೆವು ಅಂದುಕೊಂಡರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ.

ಅನುಮಾನ ಪಡುವುದನ್ನು ನಾನು ವಿರೋಧಿಸುತ್ತಿಲ್ಲ. ಕೋವ್ಯಾಕ್ಸಿನ್‌ಗೆ 2021ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಾಗ ಮೂರನೇ ಹಂತದ ಪರೀಕ್ಷೆಯ ಪರಿಣಾಮದ ಅಂಕಿ ಇನ್ನೂ ಬಂದಿರಲಿಲ್ಲ. ಆಗ ಪ್ರಶ್ನೆ ಕೇಳಿದ ವೈದ್ಯರು ಸರಿಯಾಗಿಯೇ ಕೇಳಿದರು. ಆಮೇಲೆ ಅಂಕಿ ಬಂತು: ಲಕ್ಷಣಗಳಿರುವ ಕೋವಿಡ್ ಬಂದ 130 ಜನರಲ್ಲಿ ಲಸಿಕೆ ಪಡೆದವರು 24, ಬರೀ ಹುಸಿ ಚುಚ್ಚುಮದ್ದು ಪಡೆದವರು 106. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಗಾತ್ರದವು, ಹಾಗಾಗಿ ಇಲ್ಲಿ ನೇರವಾಗಿ ಹೋಲಿಸಬಹುದು. ಪರಿಣಾಮ ಶೇ. 78ರ ಹತ್ತಿರ. ಜನವರಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಉತ್ತರ ಸಿಕ್ಕ ಮೇಲೂ ಜನವರಿಯ ಪ್ರಶ್ನೆಯನ್ನೇ ಹಿಡಿದು ಕೂತವರನ್ನು ಕಂಡರೆ ಮಾತ್ರ ತಾಳ್ಮೆ ಕೆಡುತ್ತದೆ.

ಅಡ್ಡಪರಿಣಾಮಗಳೂ ಇದ್ದವು. ಎಂಆರ್‌ಎನ್‌ಎ ಲಸಿಕೆ (ಫೈಜರ್‌ನಂಥದ್ದು) ಪಡೆದ ಹರೆಯದ ಗಂಡುಮಕ್ಕಳಲ್ಲಿ ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಂಡದ್ದುಂಟು. ಅದನ್ನು ಮುಚ್ಚಿಡಬಾರದು. ಅಲ್ಲಿಯೂ ಕೇಳಬೇಕಾದದ್ದು ಎಷ್ಟು ಜನರಲ್ಲಿ ಎಷ್ಟು ಜನರಿಗೆ, ಯಾವ ವಯಸ್ಸಿನಲ್ಲಿ ಅಂತಲೇ.

ಮೇಷ್ಟ್ರು ಆವತ್ತು ಎದ್ದು ಹೋಗುವಾಗ, ಮುಂದಿನ ಡೋಸ್ ತಮಗೂ ಮೊಮ್ಮಗನಿಗೂ ಇಬ್ಬರಿಗೂ ಬೇಕಾ ಅಂತ ಕೇಳಿದರು. ಅವರಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ನಿಮಗೆ ಬೇಕು ಅಂದೆ. ಮೊಮ್ಮಗನ ಲೆಕ್ಕ ಬೇರೆ, ಅವನನ್ನೇ ಕರೆದುಕೊಂಡು ಬನ್ನಿ ಅಂದೆ.